ಮಡಿಕೇರಿ ಬಿಟ್ಟು ಕುಶಾಲನಗರಕ್ಕೆ ಬಾಡಿಗೆ ಸೈಕಲ್ ಯೋಜನೆ ಬರೆದಿದ್ದು

ಸಾರ್ವಜನಿಕ ಸೈಕಲ್ ಅಂದರೆ ಒಂದು ಸ್ಟ್ಯಾಂಡಿನಲ್ಲಿ ತೆಗೆದುಕೊಂಡು ಇನ್ನೊಂದರಲ್ಲಿ ಬಿಡುವ ಬಾಡಿಗೆ ಸೈಕಲ್. ಕೊಡಗಿನಲ್ಲಿ ಅದರ ಮಾತು ಬಂದ ಕೂಡಲೇ ಎಲ್ಲರೂ ಹೇಳುವುದು ಮಡಿಕೇರಿ. ನಾವು ಕೆಲವರು ಯೋಜನೆ ಬರೆಯಲು ಕೂತಾಗಲೂ ಹಾಗೇ ಆಯಿತು. ನಾನು ಮಾತ್ರ ಕುಶಾಲನಗರವೇ ಸರಿ ಅಂತ ಹಟ ಹಿಡಿದೆ. ಕಾರಣ ಮಡಿಕೇರಿಯ ಏರು. ರಾಜಾಸೀಟಿನ ಕಡೆಯಿಂದ ಓಂಕಾರೇಶ್ವರ ದೇವಸ್ಥಾನಕ್ಕೆ ಇಳಿಯಲು ಯಾರು ಬೇಕಾದರೂ ಸೈಕಲ್ ಹತ್ತುತ್ತಾರೆ, ಅದೇ ಸೈಕಲ್ ತುಳಿದುಕೊಂಡು ವಾಪಸ್ ಮೇಲೆ ಬರುವವರು ಎಷ್ಟು ಜನ? ಮಧ್ಯಾಹ್ನದೊಳಗೆ ಮೇಲಿನ ಸ್ಟ್ಯಾಂಡ್ ಖಾಲಿ, ಕೆಳಗಿನದು ಭರ್ತಿ. ಆಮೇಲೆ ಪಿಕಪ್‌ನಲ್ಲಿ ತುಂಬಿ ಮೇಲಕ್ಕೆ ಸಾಗಿಸಬೇಕು, ದಿನಾ. ಪ್ಯಾರಿಸ್‌ನ ಬಾಡಿಗೆ ಸೈಕಲ್ ಯೋಜನೆ ವೆಲಿಬ್‌ಗೂ ಈ ತೊಂದರೆ ಬಂದಿತ್ತು. ಎತ್ತರದ ಸ್ಟ್ಯಾಂಡಿಗೆ ಸೈಕಲ್ ತಂದು ಬಿಟ್ಟವರಿಗೆ ಅಲ್ಲಿ 15 ನಿಮಿಷ ಜಾಸ್ತಿ ಉಚಿತ ಸಮಯ ಕೊಟ್ಟರು. ಮಡಿಕೇರಿಯ ಏರಿಗೆ ಅಷ್ಟು ಸಾಲದು, ಬ್ಯಾಟರಿ ಸೈಕಲ್ಲೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಕುಶಾಲನಗರ ಕಾವೇರಿ ದಡದ ಊರು, ಹೆಚ್ಚುಕಮ್ಮಿ ಸಮತಟ್ಟು. ಮೊದಲು ಮಾಡಿದ ಕೆಲಸ ಬಸ್ ಸ್ಟ್ಯಾಂಡಿನಲ್ಲಿ ನಿಂತು ಇಳಿದವರನ್ನು ‘ಎಲ್ಲಿಗೆ ಹೋಗ್ತೀರಿ, ಹೇಗೆ ಹೋಗ್ತೀರಿ’ ಅಂತ ಕೇಳಿದ್ದು. ಕಾಲೇಜು ಮಕ್ಕಳು, ಅಂಗಡಿ ಕೆಲಸದವರು, ರಥಬೀದಿ ಕಡೆಗೆ ನಡೆದೇ ಹೋಗುವವರು, ಇವರೇ ನಮ್ಮ ಸವಾರರು ಅಂತ ಆಗ ಗೊತ್ತಾಯಿತು. ಪ್ರವಾಸಿಗರು ವಾರದ ಕೊನೆಗೆ ಬರುತ್ತಾರೆ, ಮಳೆಗಾಲದಲ್ಲಿ ತುಳಿಯುವುದಿಲ್ಲ, ಅವರನ್ನೇ ನಂಬಿ ಲೆಕ್ಕ ಹಾಕಬಾರದು.

ಮೈಸೂರಿನ ಸಾರ್ವಜನಿಕ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ 2017ರಲ್ಲಿ 450 ಸೈಕಲ್, 48 ಸ್ಟ್ಯಾಂಡ್ ಇಟ್ಟುಕೊಂಡು ಶುರುವಾಗಿದ್ದು. ಅದನ್ನು ಹೋಗಿ ನೋಡಿದೆವು, ಆದರೆ ಆ ಸಂಖ್ಯೆಯನ್ನು ಸುಮ್ನೆ ಸಣ್ಣದು ಮಾಡಿಕೊಂಡರೆ ಆಗುವುದಿಲ್ಲ. ಮುಖ್ಯವಾದದ್ದು ಸ್ಟ್ಯಾಂಡುಗಳ ನಡುವಿನ ಅಂತರ. ನಗರ ಸಾರಿಗೆ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಟಿಡಿಪಿ ಹೇಳುವುದು ಚದರ ಕಿಲೋಮೀಟರಿಗೆ 10ರಿಂದ 16 ಸ್ಟ್ಯಾಂಡ್, ಅಂದರೆ ಸುಮಾರು 300 ಮೀಟರಿಗೆ ಒಂದು. ಒಂದು ಸೈಕಲ್ಲಿಗೆ ಎರಡರಿಂದ ಎರಡೂವರೆ ಡಾಕ್, ಅಂದರೆ ಸ್ಟ್ಯಾಂಡಿನಲ್ಲಿ ಸೈಕಲ್ ಸಿಕ್ಕಿಸಿ ನಿಲ್ಲಿಸುವ ಜಾಗ. ಬಿಡಲು ಜಾಗ ಸಿಗದೆ ಒಮ್ಮೆ ಒದ್ದಾಡಿದವನು ಮತ್ತೆ ಬರಲ್ಲ ಅಲ್ವಾ? ಅದಕ್ಕೇ ಊರು ತುಂಬ ಚೆಲ್ಲುವ ಬದಲು ಪೇಟೆಯ ಸುತ್ತ ಒತ್ತೊತ್ತಾಗಿ ಹಾಕಿದೆವು. ಕೂಡಿಗೆ, ನಿಸರ್ಗಧಾಮ ಆಮೇಲೆ. ಪ್ರತಿ ಸ್ಟ್ಯಾಂಡಿಗೂ ಚಾವಣಿ ಬರೆದೆವು, ನಮ್ಮ ಮಳೆಗೆ ಚೈನು ತುಕ್ಕು ಹಿಡಿಯುತ್ತದೆ. ಮುಖ್ಯ ರಸ್ತೆ ಹೆದ್ದಾರಿಯೇ ಆದ್ದರಿಂದ ಒಳಬೀದಿಗಳಲ್ಲೇ ದಾರಿ ಗುರುತು ಮಾಡಿದೆವು.

ಎಲ್ಲರೂ ಕೇಳುವುದು ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್, ಅಂದರೆ ಟಿಬೆಟಿಯನ್ನರ ಬೌದ್ಧ ದೇವಾಲಯಕ್ಕೆ ಸೈಕಲ್ ಯಾಕಿಲ್ಲ ಅಂತ. ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಅಲ್ಲಿ ಸ್ಟ್ಯಾಂಡ್ ಹಾಕಲು ಆ ಕಡೆಯ ಒಪ್ಪಿಗೆಯೂ ಬೇಕು. ಅದನ್ನು ಎರಡನೇ ಹಂತಕ್ಕೆ ಇಟ್ಟು, ಅರ್ಜಿ ಮಾತ್ರ ಈಗಲೇ ಬರೆದಿದ್ದೇವೆ.