ಯಕ್ಷಗಾನ ಆಟ ರೆಕಾರ್ಡ್ ಮಾಡುವವರು ಮೆಮೊರಿ ಕಾರ್ಡ್ ಕೊಳ್ಳುವ ಮುಂಚೆ

ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳ ತಿರುಗಾಟ ಶುರು. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಇಡೀ ಆಟ ರೆಕಾರ್ಡ್ ಮಾಡುವವರು ಈ ಗುಂಪಿನಲ್ಲಿ ತುಂಬಾ ಜನ ಇದ್ದೀರಿ. ಮೆಮೊರಿ ಕಾರ್ಡ್ ಕೊಳ್ಳುವಾಗ ಇದನ್ನು ನೋಡಿಕೊಳ್ಳಿ.

ಪ್ಯಾಕೆಟ್ ಮೇಲೆ ದೊಡ್ಡದಾಗಿ ಬರೆದಿರುವ 100 ಅಥವಾ 150 ಎಂಬಿ ಸಾಮಾನ್ಯವಾಗಿ ಓದುವ ವೇಗ. ವಿಡಿಯೋಗೆ ಬೇಕಾದದ್ದು ಬರೆಯುವ ವೇಗ ಅಲ್ವಾ? ಅದಕ್ಕೆ ಕಾರ್ಡಿನ ಚಿಕ್ಕ ಗುರುತು ನೋಡಿ. ಕ್ಲಾಸ್ 10 ಅಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ, ವಿ30 ಅಂದರೆ ಕನಿಷ್ಠ 30. 4ಕೆ ವಿಡಿಯೋ ಮಾಡುವವರು ವಿ30ಕ್ಕಿಂತ ಕಡಿಮೆಯದ್ದು ತೆಗೆದುಕೊಳ್ಳಬೇಡಿ. ಎ1, ಎ2 ಗುರುತು ಫೋನಿನಲ್ಲಿ ಆ್ಯಪ್ ಓಡಿಸಲಿಕ್ಕೆ, ಅದಕ್ಕಾಗಿ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ.

ಎರಡು ಕಾರ್ಡ್ ಹೋಲಿಸುವುದಾದರೆ ಕಂಪ್ಯೂಟರ್, ರೀಡರ್, ಪೋರ್ಟ್ ಎಲ್ಲಾ ಒಂದೇ ಇರಲಿ. ಯುಎಸ್‌ಬಿ 2.0 ಪೋರ್ಟಿನಲ್ಲಿ ಎಂಥಾ ಕಾರ್ಡೂ ಸುಮಾರು 40 ಎಂಬಿ ದಾಟುವುದಿಲ್ಲ. ವೇಗ ಅಳೆಯಲಿಕ್ಕೆ ವಿಂಡೋಸ್‌ಗೆ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಆದರೆ ಅದರ 1 ಜಿಬಿ ಪರೀಕ್ಷೆಯನ್ನೇ ನಂಬಿ ಕೂರಬೇಡಿ. ಹಲವು ಕಾರ್ಡ್, ಪೆನ್ ಡ್ರೈವ್‌ಗಳು ಮೊದಲು ಸರಸರ ಬರೆಯುತ್ತವೆ. ಒಳಗಿನ ಕ್ಯಾಶ್ (ವೇಗವಾಗಿ ಬರೆಯುವ ಸ್ವಲ್ಪ ಜಾಗ) ತುಂಬಿದ ಕೂಡಲೇ ವೇಗ ದಬಕ್ಕನೆ ಬೀಳುತ್ತದೆ. ಹಾಗಾಗಿ 20-30 ಜಿಬಿಯ ವಿಡಿಯೋ ಫೈಲುಗಳನ್ನು ಒಂದೇ ಸಲ ಕಾಪಿ ಮಾಡಿ, ಕೊನೆಕೊನೆಗೆ ಎಷ್ಟು ವೇಗ ಉಳಿಯುತ್ತದೆ ಅಂತ ನೋಡಿ. ಇಡೀ ರಾತ್ರಿಯ ಆಟಕ್ಕೆ ಲೆಕ್ಕಕ್ಕೆ ಬರುವುದು ಆ ವೇಗ ಮಾತ್ರ.

ನಕಲಿ ಕಾರ್ಡಿನ ಅನುಮಾನ ಇದ್ದರೆ ವಿಂಡೋಸ್‌ನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯು ಓಡಿಸಿ, ಕಾರ್ಡಿನಲ್ಲಿ ಬರೆದಷ್ಟು ಜಾಗ ನಿಜಕ್ಕೂ ಇದೆಯಾ ಅಂತ ಅದು ಪರೀಕ್ಷಿಸುತ್ತದೆ. ಕೇರಳದ ಶಾಲೆಗಳ ಕೈಟ್ ಲಿನಕ್ಸ್ ಬಳಸುವ ಮಾಷ್ಟ್ರುಗಳಿಗೆ ಅದೇ ಕೆಲಸಕ್ಕೆ ಎಫ್3 ಇದೆ. ಕಾರ್ಡ್ ಖಾಲಿ ಇರುವಾಗಲೇ ಮಾಡಿ, ಬಿಲ್ಲನ್ನೂ ಇಟ್ಟುಕೊಳ್ಳಿ.