ಇಟ್ಟಿಗೆ ಮನೆಗೆ ಸುಣ್ಣದ ಗಾರೆ: ನನ್ನ ಅನುಭವ

ಶಿಡ್ಲಘಟ್ಟದ ನಮ್ಮ ಹಳೆಯ ಇಟ್ಟಿಗೆ ಮನೆಯ ಗೋಡೆಗಳು ಎರಡು ಮಳೆಗಾಲ ಕಳೆದರೂ ಒಣಗಿಯೇ ನಿಂತಿವೆ. ಸುಣ್ಣದ ಗಾರೆ ಈಗಿನ ಕಾಲಕ್ಕೆ ಆಗದ ಮಾತು ಎಂದಿದ್ದ ಮೇಸ್ತ್ರಿಗಳೇ ಬಂದು ಅಂಗೈಯೊತ್ತಿ ನೋಡಿ ಹೋಗುತ್ತಿದ್ದಾರೆ.

ಮೊದಲು ನಾನೂ ದಾರಿ ತಪ್ಪಿದ್ದೆ. ಮೂರಡಿಯವರೆಗೆ ಏರಿದ್ದ ತೇವ ತಡೆಯಲು ಸಿಮೆಂಟ್ ಗಿಲಾವಿನ ಮೇಲೆ ರಾಸಾಯನಿಕ ಬಳಿಸಿ ಸುಮಾರು 40 ಸಾವಿರ ರೂಪಾಯಿ ಕಳೆದುಕೊಂಡೆ. ಹೊರಬರಲು ದಾರಿಯಿಲ್ಲದ ತೇವ ಇನ್ನೂ ಒಂದಡಿ ಮೇಲೇರಿತು. ಉಪ್ಪು ಹೊಮ್ಮಿ ಇಟ್ಟಿಗೆಯ ಮುಖವೇ ಪುಡಿಯಾಗಿ ಉದುರಿತು.

ಸಿಮೆಂಟನ್ನು ಪೂರ್ತಿ ಕೆರೆಸಿದಾಗ ಮನೆಯ ಚರಿತ್ರೆ ಕಣ್ಣಿಗೆ ಬಿತ್ತು. ಹಿಂಭಾಗದಲ್ಲಿ ಒಂದೂವರೆ ಅಂಗುಲದ ತೆಳು ಇಟ್ಟಿಗೆ, ಮಣ್ಣಿನ ಗಾರೆ. ಮುಂಭಾಗದಲ್ಲಿ ದಪ್ಪ ಇಟ್ಟಿಗೆ, ಸುಣ್ಣದ ಗಾರೆ. ಎರಡೂ ಸೇರುವ ಮೂಲೆಯಲ್ಲಿ ಇಟ್ಟಿಗೆಗಳು ಒಂದಕ್ಕೊಂದು ಹೆಣೆದುಕೊಳ್ಳದೆ ನೆಲದಿಂದ ಸೂರಿನವರೆಗೆ ನೇರವಾದ ಗೀರು ಬಿಟ್ಟಿದ್ದವು. ಪಡಸಾಲೆಯನ್ನು ಆಮೇಲೆ ಕಟ್ಟಿದ್ದೆಂದು ಆಗಲೇ ತಿಳಿದದ್ದು. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಕೋಣೆಯ ಗಾಳಿಗಂಡಿಗಳೂ ಸಿಮೆಂಟಿನಡಿ ಮುಚ್ಚಿಹೋಗಿದ್ದವು. ಅವನ್ನು ಬಿಡಿಸಿದ್ದರಿಂದಲೇ ಅರ್ಧ ಕೆಲಸವಾಯಿತೆಂಬುದು ನನ್ನ ನಂಬಿಕೆ.

"ಸುಣ್ಣ ನೀರಿಗೆ ನಿಲ್ಲುತ್ತದೆಯೇ ಸ್ವಾಮಿ?" ಎಂದ ಮೇಸ್ತ್ರಿಗೆ, ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ನಿಲ್ಲಿಸಿರುವುದೂ ಸುರ್ಕಿ ಗಾರೆಯೇ, ಅಂದರೆ ಸುಟ್ಟ ಇಟ್ಟಿಗೆ-ಹೆಂಚಿನ ಪುಡಿ ಬೆರೆಸಿದ ಸುಣ್ಣದ ಗಾರೆಯೇ ಎಂದು ನೆನಪಿಸಿದೆ.

ಆದರೂ ಮೊದಲ ಗಾರೆ ಕೆಟ್ಟಿತು. ಐದೇ ದಿನ ನೆನೆದ ಸುಣ್ಣದಲ್ಲಿ ಅರಳದೆ ಉಳಿದ ಹರಳುಗಳು ಗೋಡೆಯೊಳಗೆ ಅರಳಿ, ಕಡಲೆಕಾಳಿನಷ್ಟು ಗುಳಿಗಳಾಗಿ ಸಿಡಿದವು. ಎರಡನೆಯ ಸಲ ತಿಂಗಳಿಗೂ ಮೇಲೆ ತೊಟ್ಟಿಯಲ್ಲಿ ನೆನೆಸಿ, ಜರಡಿ ಹಿಡಿದು, ಒಂದು ಪಾಲು ಸುಣ್ಣಕ್ಕೆ ಒಂದು ಪಾಲು ಸುರ್ಕಿ, ಎರಡು ಪಾಲು ಮರಳು ಬೆರೆಸಿದೆವು. ಉಪ್ಪು ಹಿಡಿದ ಇಟ್ಟಿಗೆಯನ್ನು ಕುಟ್ಟಿದರೆ ಉಪ್ಪು ಮತ್ತೆ ಗೋಡೆಗೇ ಬರುತ್ತದೆ. ಆದ್ದರಿಂದ ಸುರ್ಕಿಗೆ ಒಡೆದ ನಾಡಹೆಂಚುಗಳನ್ನು ಆರಿಸಿದೆ. ಅಳಲೆಕಾಯಿ ಮತ್ತು ಬೆಲ್ಲದ ನೀರನ್ನು ಎಷ್ಟು ದಿನ ಹುಳಿಸಿ, ಯಾವ ಹದಕ್ಕೆ ಹಾಕಿದೆನೆಂಬುದನ್ನು ಬರೆಯಲಾರೆ. ಅದನ್ನು ಕಲಿಯಲು ಹಿತ್ತಿಲ ಗೋಡೆಯನ್ನು ಮೂರು ಸಲ ಕೆರೆದಿದ್ದೇನೆ. ಅದೇ ಗೋಡೆಯಲ್ಲಿ ಪಾಪಾಸುಕಳ್ಳಿಯ ಲೋಳೆಯನ್ನೂ ಪರೀಕ್ಷಿಸಿದೆ. ಗಾರೆ ಕರಣಿಯಡಿ ಬೆಣ್ಣೆಯಂತೆ ಹರಡಿತು, ಆದರೆ ಗಟ್ಟಿಯಾಗಲು ತೀರ ತಡವಾದ್ದರಿಂದ ಕೈಬಿಟ್ಟೆ.

ಬಿಸಿಲಿಗೆ ಬಿರುಕು ಬಿಡದಂತೆ ಹದಿನೈದು ದಿನ ತೋಯಿಸಿದ ಗೋಣಿತಾಟು ಇಳಿಬಿಟ್ಟೆವು. ಒಟ್ಟು ಖರ್ಚು 1 ಲಕ್ಷ 60 ಸಾವಿರದ ಆಸುಪಾಸು, ಹೆಚ್ಚುಪಾಲು ಕೂಲಿಗೇ ಹೋಯಿತು. ಇನ್ನು ಜಗಲಿಯ ಗೋಡೆಯೊಂದು ಉಳಿದಿದೆ. ಅದಕ್ಕೆ ಬೇಕಾದ ಸುಣ್ಣ ಈಗಾಗಲೇ ತೊಟ್ಟಿಯಲ್ಲಿ ನೆನೆಯುತ್ತಿದೆ.