ಗೋಡೆಗೆ ನೀರು ಇಳಿಯುತ್ತಿದೆಯಾ? ಬೇಗ ಗೊತ್ತಾಗುವುದು ಹೀಗೆ

ಸೀಲಿಂಗ್‌ನಿಂದ ನೀರು ತೊಟ್ಟಿಕ್ಕುವ ತನಕ ಕಾಯಬೇಡಿ. ಅಷ್ಟರಲ್ಲಿ ಒಳಗೆ ಹಾನಿ ಜಾಸ್ತಿ ಆಗಿರುತ್ತದೆ.

ಬಾತ್‌ರೂಮಿನ ಪಕ್ಕದ ಗೋಡೆಯನ್ನು ಮೊದಲು ನೋಡಿ. ಟಾರ್ಚನ್ನು ಗೋಡೆಗೆ ಒರಗಿಸಿದ ಹಾಗೆ ಹಿಡಿದು ಬೆಳಕು ಬಿಡಿ. ನೇರ ಬೆಳಕಿನಲ್ಲಿ ಕಾಣದ ಬಣ್ಣದ ಸಣ್ಣ ಗುಳ್ಳೆಗಳು ಆಗ ಎದ್ದು ಕಾಣುತ್ತವೆ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಇದ್ದರೆ ಸುಮ್ನೆ ಒರೆಸಿ ಬಿಡಬೇಡಿ. ಅದು ಹೆಚ್ಚಾಗಿ ಇಟ್ಟಿಗೆ, ಸಿಮೆಂಟಿನೊಳಗಿನ ಉಪ್ಪು. ತೇವ ಅದನ್ನು ಹೊರಗೆ ತಂದಿರುತ್ತದೆ.

ಸೀಲಿಂಗ್‌ನಲ್ಲಿ ಕಂದು ಕಲೆ ಕಂಡರೆ ಅದರ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಕಲೆ ಗೆರೆ ದಾಟಿದರೆ ಸೋರಿಕೆ ಇನ್ನೂ ನಡೀತಿದೆ ಎಂದರ್ಥ. ಮುಗ್ಗಲು ವಾಸನೆ, ಬುಡದಲ್ಲಿ ಉಬ್ಬಿದ ಬಾಗಿಲ ಚೌಕಟ್ಟು, ಇವೂ ಸುಳಿವುಗಳೇ.

ತೇವ ಗೋಡೆಯೊಳಗಿನದಾ, ಕೋಣೆಯ ಗಾಳಿಯದಾ ಅನ್ನೋ ಅನುಮಾನ ಬಂದರೆ ಆ ಜಾಗದ ಮೇಲ್ಮೈ ಒರೆಸಿ ಒಣಗಿಸಿ, ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದೆರಡು ದಿನ ಬಿಡಿ. ಹನಿ ಹಾಳೆಯ ಹಿಂದೆ ಇದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿದ್ದರೆ ಗಾಳಿಯದು.

ಪೈಪಿನ ಮೇಲೆ ಅನುಮಾನವೇ? ಎಲ್ಲ ನಲ್ಲಿ ಮುಚ್ಚಿ, ಮೀಟರ್ ನೋಡಿ ಬರೆದಿಡಿ. ಎರಡು ಗಂಟೆ ನೀರು ಬಳಸದೆ ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ.

ದಯವಿಟ್ಟು ಕಾರಣ ಹುಡುಕದೆ ಮೇಲೆ ಬಣ್ಣ ಬಳಿಸಬೇಡಿ, ಕಲೆ ಮತ್ತೆ ಬರುತ್ತದೆ. ಸ್ವಿಚ್‌ಬೋರ್ಡ್ ಹತ್ತಿರ ತೇವ ಕಂಡರಂತೂ ಅದನ್ನು ಮುಟ್ಟದೆ ಮೇನ್ ಆಫ್ ಮಾಡಿ, ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ.